ಟ್ಯಾಬ್‌ನಲ್ಲಿ ಟ್ರ್ಯಾಕ್ ಹಾಕಿಕೊಂಡು ಅಭ್ಯಾಸ: ಸೌಂಡ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮುಂಬೈ, ಪುಣೆ, ಗೋವಾದ ಕನ್ನಡ ಸಂಗೀತಪ್ರಿಯರಿಗೆ ನಮಸ್ಕಾರ. ಟ್ಯಾಬ್‌ನಿಂದ ಲೆಹ್ರಾ (ತಬಲಾಕ್ಕೆ ತಾಳ ಹಿಡಿದುಕೊಡಲು ಮತ್ತೆ ಮತ್ತೆ ನುಡಿಸುವ ರಾಗದ ಸಾಲು), ತಂಬೂರಿ, ಗಿಟಾರ್ ಟ್ರ್ಯಾಕ್ ಹಾಕಿಕೊಂಡು ಮನೆಯಲ್ಲಿ ಅಭ್ಯಾಸ ಮಾಡುವವರು ಇಂದು ಕೇಳಬಹುದು. ಮುಲುಂಡ್‌ನ ನಮ್ಮ ಸೌಂಡ್ ಎಂಜಿನಿಯರ್ ಉತ್ತರಿಸುತ್ತಾರೆ. ಫಾರ್ವರ್ಡ್ ಹಾಕಬೇಡಿ, ದಯವಿಟ್ಟು.

ಕೋಥ್ರೂಡ್‌ನ ತಬಲಾ ವಿದ್ಯಾರ್ಥಿ: ಸರ್, ಲೆಹ್ರಾ ಬ್ಲೂಟೂತ್ ಸ್ಪೀಕರ್‌ಗೆ ಹಾಕಿದರೆ ನನಗೆ ಸಮ್, ಅಂದರೆ ತಾಳದ ಮೊದಲ ಪೆಟ್ಟು, ತಪ್ಪುತ್ತಿದೆ. ತೀನ್‌ತಾಲ್, ವಿಲಂಬಿತ್ (ನಿಧಾನ ಲಯ). ಬ್ಲೂಟೂತ್‌ನಲ್ಲಿ ಶಬ್ದ ತಡ ಅಂತಾರಲ್ಲ, ಅದೇನಾ?

ಸೌಂಡ್ ಎಂಜಿನಿಯರ್: ತಡ ಆಗುವುದು ನಿಜ. ಆದರೆ ತೀನ್‌ತಾಲ್‌ನ 16 ಮಾತ್ರೆಯೂ (ತಾಳದ ಎಣಿಕೆ) ಹೆಚ್ಚುಕಡಿಮೆ ಅಷ್ಟೇ ತಡವಾಗಿ ಬರುತ್ತವೆ. ಕಿವಿಯಲ್ಲಿ ಕೇಳಿ ನುಡಿಸಿದರೆ ತೊಂದರೆ ಇಲ್ಲ. ಪರದೆ ಮೇಲೆ ಓಡುವ ಮಾತ್ರೆಯ ಅಂಕಿ ನೋಡಿಕೊಂಡು ನುಡಿಸುತ್ತೀರಾ? ಹಾಗಿದ್ದರೆ ಕಣ್ಣಿಗೆ ಸಮ್ ಮೊದಲು ಸಿಗುತ್ತದೆ, ಕಿವಿಗೆ ಆಮೇಲೆ. ಟ್ಯಾಬ್ ಮಗುಚಿಟ್ಟು ನುಡಿಸಿ ನೋಡಿ.

ಕೋಥ್ರೂಡ್‌ನ ತಬಲಾ ವಿದ್ಯಾರ್ಥಿ: ಹೌದು ಸರ್, ಅಂಕಿ ನೋಡುತ್ತಿದ್ದೆ!

ವಾಶಿಯ ಸದಸ್ಯರು: ಮಗಳ ಕೀಬೋರ್ಡ್‌ಗೆ ಯಾವ ಬ್ಲೂಟೂತ್ ಸ್ಪೀಕರ್ ಒಳ್ಳೆಯದು?

ಸೌಂಡ್ ಎಂಜಿನಿಯರ್: ಯಾವುದೂ ಬೇಡ. ಟ್ರ್ಯಾಕ್ ಬ್ಲೂಟೂತ್‌ನಲ್ಲಿ ಬಂದರೆ ಪರವಾಗಿಲ್ಲ. ಕೀಬೋರ್ಡ್‌ನ ಶಬ್ದವೇ ಅದರಲ್ಲಿ ಬಂದರೆ ಬೆರಳು ಒತ್ತಿದ ಮೇಲೆ ಸ್ವರ ಕೇಳುತ್ತದೆ. ವೈರ್ ಹಾಕಿ.

ವಾಸ್ಕೋದ ವಯೊಲಿನ್ ವಿದ್ಯಾರ್ಥಿನಿ: ನನ್ನ ಹಳೆಯ ಶ್ರುತಿ ಪೆಟ್ಟಿಗೆಗೂ ಟ್ಯಾಬ್‌ನ ತಂಬೂರಿಗೂ ಚೂರು ವ್ಯತ್ಯಾಸ ಇದೆ. ಯಾವುದನ್ನು ನಂಬಲಿ?

ಡೊಂಬಿವಲಿಯ ತಾಯಿ: ಸರ್, ಮಗನಿಗೆ 14 ವರ್ಷ. ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದಾನೆ. ಟ್ಯಾಬ್ ಚಾರ್ಜ್‌ಗೆ ಹಾಕಿ, ಕೇಬಲ್‌ನಲ್ಲಿ ಆಂಪ್‌ಗೆ (ಗಿಟಾರ್‌ನ ಶಬ್ದ ದೊಡ್ಡದು ಮಾಡುವ ಪೆಟ್ಟಿಗೆ) ಕೊಟ್ಟರೆ ಗುಂಯ್ ಅನ್ನುತ್ತಿತ್ತು. ಆಂಪ್‌ನ ಪ್ಲಗ್ ಬಿಚ್ಚಿ ಹಸಿರು ವೈರ್ ತೆಗೆದರೆ ಸರಿಹೋಗುತ್ತೆ ಅಂತ ಒಂದು ಫಾರ್ವರ್ಡ್ ಬಂದಿತ್ತು. ಇವರು ಹಾಗೇ ಮಾಡಿದರು. ಗುಂಯ್ ನಿಂತಿತು. ಆದರೆ ಈಗ ಬರಿಗಾಲಲ್ಲಿ ತಂತಿ ಮುಟ್ಟಿದರೆ ಕೈ ಜುಮ್ ಅನ್ನುತ್ತಂತೆ. ಚಪ್ಪಲಿ ಹಾಕಿಕೊಂಡರೆ ಸಾಕಾ?

ಸೌಂಡ್ ಎಂಜಿನಿಯರ್: ಅಕ್ಕ, ಸಾಲದು. ಮೊದಲು ಹುಡುಗನ ಕೈಯಿಂದ ಗಿಟಾರ್ ಕೆಳಗಿಡಿಸಿ. ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಹೊರಗೆ ತೆಗೆಯಿರಿ. ಆಮೇಲೆ ಮುಂದೆ ಓದಿ.

ಆ ಹಸಿರು ವೈರ್ ಅರ್ಥಿಂಗ್‌ನದು. ಮೂರು ಪಿನ್‌ನಲ್ಲಿ ಮೇಲಿರುವ ಉದ್ದದ, ದಪ್ಪ ಪಿನ್ ಅದಕ್ಕಾಗಿಯೇ ಇದೆ. ಆಂಪ್‌ನ ಲೋಹದ ಮೈ, ಕೇಬಲ್‌ನ ಹೊರ ಜಾಲರಿ, ಗಿಟಾರ್‌ನ ತಂತಿ, ಎಲ್ಲವೂ ಸಾಮಾನ್ಯವಾಗಿ ಒಂದಕ್ಕೊಂದು ಸೇರಿರುತ್ತವೆ. ಒಳಗೆ ಎಲ್ಲಾದರೂ ಕರೆಂಟ್ ಮೈಗೆ ತಾಗಿದರೆ ಹಸಿರು ವೈರ್ ಅದನ್ನು ನೆಲಕ್ಕೆ ಒಯ್ಯುತ್ತದೆ, ಫ್ಯೂಸ್ ಹಾರುತ್ತದೆ. ವೈರ್ ಇಲ್ಲದಿದ್ದರೆ ಏನೂ ಹಾರುವುದಿಲ್ಲ. 230 ವೋಲ್ಟ್ ತಂತಿಯ ಮೇಲೇ ನಿಂತಿರುತ್ತದೆ. ಆಗ ನೆಲಕ್ಕೆ ದಾರಿ ನಿಮ್ಮ ಮಗನ ಮೈ.

ಗುಂಯ್ ಯಾಕೆ ನಿಂತಿತು ಅಂದರೆ, ಟ್ಯಾಬ್‌ನ ಚಾರ್ಜರ್‌ನಿಂದ ಸಣ್ಣ ಸೋರಿಕೆ ಇರುತ್ತದೆ. ಅದು ಕೇಬಲ್ ಹಿಡಿದು ಆಂಪ್‌ನ ಅರ್ಥಿಂಗ್ ಮೂಲಕ ಇಳಿಯುತ್ತಿತ್ತು. ಇಳಿಯುವಾಗ ಶಬ್ದ ಮಾಡುತ್ತಿತ್ತು. ನೀವು ದಾರಿ ಮುಚ್ಚಿದಿರಿ. ಈಗ ಅದು ತಂತಿ ಮುಟ್ಟಿದ ಕೈಯಿಂದ ಇಳಿಯುತ್ತಿದೆ. ಬರೀ ಚಾರ್ಜರ್ ಸೋರಿಕೆಯಾದರೆ ಜುಮ್ ಅನ್ನುವಷ್ಟಕ್ಕೆ ಮುಗಿಯುತ್ತದೆ. ಆಂಪ್ ಒಳಗೇ ಕೆಟ್ಟಿದ್ದರೆ ಮುಗಿಯುವುದಿಲ್ಲ. ಮುಟ್ಟಿ ನೋಡಿ ಯಾವುದು ಅಂತ ಹೇಳಲು ಆಗದು. ಟೆಸ್ಟರ್ ದೀಪ ಎರಡಕ್ಕೂ ಹತ್ತಬಹುದು.

ನನಗೆ ಜಾಸ್ತಿ ಭಯ ಬೇರೆ. ಬಿಚ್ಚಿದ ಹಸಿರು ವೈರ್‌ನ ತುದಿ ಪ್ಲಗ್ ಒಳಗೇ ಬಿಟ್ಟಿದ್ದಾರಾ? ಅದು ಸರಿದು ಪಕ್ಕದ ಫೇಸ್ (ಕರೆಂಟ್ ಬರುವ) ಸ್ಕ್ರೂಗೆ ತಾಗಿದರೆ ಇಡೀ ಗಿಟಾರ್‌ಗೆ ಕರೆಂಟ್. ಎಲೆಕ್ಟ್ರಿಷಿಯನ್ ಕರೆಸಿ. ವೈರ್ ಹಾಕಿಸಿ, ಗೋಡೆಯ ಅರ್ಥಿಂಗ್ ನೋಡಿಸಿ, ಆಂಪ್ ಕೂಡ ಪರೀಕ್ಷೆ ಮಾಡಿಸಿ. ಗುಂಯ್‌ಗೆ ಮದ್ದು ಸುಲಭ: ಟ್ಯಾಬ್ ಮೊದಲೇ ಚಾರ್ಜ್ ಮಾಡಿ, ಅಭ್ಯಾಸದ ಹೊತ್ತಿಗೆ ಚಾರ್ಜರ್ ತೆಗೆಯಿರಿ. ಚಾರ್ಜ್‌ನಲ್ಲೇ ಬೇಕು ಅಂದರೆ ಟ್ಯಾಬ್ ಮತ್ತು ಆಂಪ್ ನಡುವಿನ ಆಡಿಯೊ ಕೇಬಲ್‌ಗೆ ಗ್ರೌಂಡ್ ಲೂಪ್ ಐಸೊಲೇಟರ್ (ಕೇಬಲ್ ಹಿಡಿದು ಬರುವ ಆ ಸೋರಿಕೆಯನ್ನು ತಡೆಯುವ ಸಣ್ಣ ಸಾಧನ) ಹಾಕಿ.

ಬೊರಿವಲಿಯ ಸದಸ್ಯರು: ಆ ಫಾರ್ವರ್ಡ್ ನಾನೇ ಹಾಕಿದ್ದು. ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಹಾಗೇ ಇದೆ, ಏನೂ ಆಗಿಲ್ಲ.

ಸೌಂಡ್ ಎಂಜಿನಿಯರ್: ಇಲ್ಲಿವರೆಗೆ ಆಗಿಲ್ಲ. ಇವತ್ತೇ ಸರಿಮಾಡಿಸಿ. ಫಾರ್ವರ್ಡ್ ಅಳಿಸಿ. ಯಾರ್‍ಯಾರಿಗೆ ಕಳಿಸಿದ್ದೀರೋ ಅವರಿಗೂ ಹೇಳಿ.

ಮಾಟುಂಗಾದ ಹಿರಿಯರು: ಇದಕ್ಕೆಲ್ಲ ಮೂಲ ಈ ಯಂತ್ರ. ಟ್ರ್ಯಾಕ್ ಜೊತೆ ನುಡಿಸುವುದು ರಿಯಾಜ್ ಅಲ್ಲ. ಎದುರಿಗೆ ಕೂತವನು ನಿಮ್ಮ ಉಸಿರು ನೋಡಿ ಲೆಹ್ರಾ ಕೊಡುತ್ತಾನೆ. ಟ್ಯಾಬ್ ನೋಡುತ್ತದಾ?

ಠಾಣೆಯ ಸದಸ್ಯರು: ಕಾಕಾ, ಏಳು ಗಂಟೆಗೆ ಲೋಕಲ್ ಹಿಡಿಯುವವನ ಮನೆಗೆ ಬೆಳಗ್ಗೆ ಐದಕ್ಕೆ ಹಾರ್ಮೋನಿಯಂ ತಗೊಂಡು ಯಾರು ಬರುತ್ತಾರೆ? ನೀವು ಬರ್ತೀರಾ?

ಮಾಟುಂಗಾದ ಹಿರಿಯರು: ಕಲಿಯುವ ಹಠ ಇದ್ದವರು ಗುರುವಿನ ಮನೆಗೆ ಹೋಗುತ್ತಿದ್ದರು.

ಠಾಣೆಯ ಸದಸ್ಯರು: ನಾನೂ ವಾರಕ್ಕೊಮ್ಮೆ ಹೋಗುತ್ತೇನೆ. ಉಳಿದ ಆರು ದಿನ ಸುಮ್ನೆ ಕೂರಬೇಕಾ? ಗೊತ್ತಿಲ್ಲದೆ ಮಾತಾಡಬೇಡಿ.

ಕೋಥ್ರೂಡ್‌ನ ತಬಲಾ ವಿದ್ಯಾರ್ಥಿ: ಹಿರಿಯರ ಜೊತೆ ಹೀಗಾ ಮಾತಾಡೋದು?

ಅಡ್ಮಿನ್: ಸಾಕು. ಪ್ರಶ್ನೆ ಮಾತ್ರ ಕೇಳಿ.

ಪಿಂಪ್ರಿಯ ಬಾನ್ಸುರಿ ವಾದಕರು: ಎಲ್ಲ ಟ್ರ್ಯಾಕ್ 432 ಹರ್ಟ್ಜ್‌ಗೆ ಇಳಿಸಿದರೆ ಮನಸ್ಸಿಗೂ ಹೃದಯಕ್ಕೂ ಒಳ್ಳೆಯದಂತೆ. ಮೆಸೇಜ್ ಬಂದಿದೆ.

ಸೌಂಡ್ ಎಂಜಿನಿಯರ್: ಮತ್ತೆ ಮೆಸೇಜ್! ನಿಮ್ಮ ಕೊಳಲಿನ ತೂತು ಕೊರೆದಾಗಿದೆ. 440ಕ್ಕೆ, ಅಂದರೆ ಸಾಮಾನ್ಯ ಶ್ರುತಿಯ ಅಳತೆಗೆ, ಮಾಡಿದ ಕೊಳಲಾದರೆ, 432ಕ್ಕೆ ಇಳಿದ ಟ್ರ್ಯಾಕ್ ಸುಮಾರು 32 ಸೆಂಟ್ ಕೆಳಗೆ, ಅಂದರೆ ಕೀಬೋರ್ಡ್‌ನ ಅಕ್ಕಪಕ್ಕದ ಎರಡು ಕೀಗಳ ಅಂತರದ ಸುಮಾರು ಮೂರರಲ್ಲಿ ಒಂದು ಪಾಲು. ಅಪಸ್ವರವೇ ಅಭ್ಯಾಸ ಆಗುತ್ತದೆ.

ನೆರೂಲ್‌ನ ಸದಸ್ಯರು: ಯಾವ ಬ್ಲೂಟೂತ್ ಸ್ಪೀಕರ್ ತಗೊಳ್ಳಲಿ?

ಸೌಂಡ್ ಎಂಜಿನಿಯರ್: ಮೇಲೆ ಬರೆದಿದ್ದೇನೆ. ಓದಿ.

ನೆರೂಲ್‌ನ ಸದಸ್ಯರು: ಇಷ್ಟು ಕೇಳಿದ್ದಕ್ಕೆ ಯಾಕೆ ಸಿಟ್ಟು ಸರ್?

ಡೊಂಬಿವಲಿಯ ತಾಯಿ: ಸರ್, ಎಲೆಕ್ಟ್ರಿಷಿಯನ್ ಬಂದು ಪ್ಲಗ್ ಬಿಚ್ಚಿದರು. ಹಸಿರು ವೈರ್‌ನ ತಾಮ್ರದ ಎಳೆಗಳು ಕೆದರಿಕೊಂಡಿದ್ದವು. ಫೇಸ್ ಸ್ಕ್ರೂಗೂ ಅದಕ್ಕೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ. ನೋಡಿ ನನ್ನ ಕೈ ನಡುಗಿತು. ಈಗ ವೈರ್ ಹಾಕಿದ್ದಾರೆ, ಗೋಡೆಯ ಅರ್ಥಿಂಗ್ ಸರಿ ಇದೆಯಂತೆ. ಚಾರ್ಜರ್ ತೆಗೆದು ಟ್ರ್ಯಾಕ್ ಹಾಕಿದೆವು, ಗುಂಯ್ ಇಲ್ಲ. ಗಿಟಾರ್ ಇನ್ನೂ ಅವನ ಕೈಗೆ ಕೊಟ್ಟಿಲ್ಲ.

ಸೌಂಡ್ ಎಂಜಿನಿಯರ್: ಒಳ್ಳೆಯದಾಯಿತು ಅಕ್ಕ. ಆಂಪ್ ರಿಪೇರಿಯವರು ನೋಡಿ ಹೇಳುವವರೆಗೆ ಕೊಡಬೇಡಿ. ಅಲ್ಲಿವರೆಗೆ ಟ್ಯಾಬ್‌ನಲ್ಲಿ ಟ್ರ್ಯಾಕ್ ಹಾಕಿ, ಕೇಬಲ್ ಚುಚ್ಚದೆ ಬರೀ ಗಿಟಾರ್ ನುಡಿಸಲಿ. ಶಬ್ದ ಸಣ್ಣದು, ಆದರೆ ಬೆರಳಿಗೆ ಅಭ್ಯಾಸ ತಪ್ಪುವುದಿಲ್ಲ.