ಅಟ್ಟದ ಮೇಲಿನ ಟ್ರಂಕ್: ಯುದ್ಧಕ್ಕೆ ಹೋದವರ ನೆನಪು ಕೂಡಿಸಿದ್ದು ಹೇಗೆ?

ಶಿರಸಿಯಿಂದ, ಕೇಳಿದವರು

ನಮ್ಮ ದೊಡ್ಡಪ್ಪ 1971ರ ಯುದ್ಧದಲ್ಲಿ ಕಮಾಂಡೋ ಆಗಿದ್ದರು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಜಾಸ್ತಿ ಯಾರಿಗೂ ಗೊತ್ತಿಲ್ಲ. ಅವರು ತೀರಿಕೊಂಡು 9 ವರ್ಷ ಆಯ್ತು. ಅಟ್ಟದ ಮೇಲೆ ಅವರ ಟ್ರಂಕ್ ಇದೆ. ಒಳಗೆ ಕಂದುಗೆಂಪು ಟೊಪ್ಪಿ, ಮೂರು ಪದಕ, ಒಂದಷ್ಟು ಕಾಗದ. ದೊಡ್ಡಮ್ಮನಿಗೆ 80 ದಾಟಿದೆ. ಅವರು ಇರುವಾಗಲೇ ಬರೆದಿಡೋಣ ಅಂತ ಆಸೆ. ಆದರೆ ಕೇಳಿದರೆ "ಅವ್ರು ಏನೂ ಹೇಳ್ತಿರ್ಲಿಲ್ಲ" ಅಂದು ಅಡಿಕೆ ಸುಲಿಯಲು ಕೂತುಬಿಡುತ್ತಾರೆ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ನೀವು ಏನು ಮಾಡಿದಿರಿ?

ಕಾರವಾರ ಕೋಡಿಬಾಗದಿಂದ

ನಮ್ಮ ಚಿಕ್ಕಪ್ಪನ ವಿಷಯ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಕಾಳಿ ನದಿಯಲ್ಲಿ ಈಜಿ ಬೆಳೆದವನು. ನೌಕಾಪಡೆ ಸೇರಿ ಡೈವರ್ ಆದ. 1971ರ ಮಳೆಗಾಲ ಪೂರ್ತಿ ಅವನಿಂದ ಒಂದು ಕಾಗದ ಇಲ್ಲ. ಮರುವರ್ಷ ರಜೆಗೆ ಬಂದಾಗ ಎಲ್ಲರೂ ಸುತ್ತ ಕೂತು ಕೇಳಿದರಂತೆ, ಯಾವ ಹಡಗು, ಎಲ್ಲಿ ಹೊಡೆದಿರಿ ಅಂತ. ಅವನು ಹೇಳಿದ್ದು ಇಷ್ಟೇ: "ಹಡಗು ಗಿಡಗು ಇಲ್ಲ. ಬಂಗಾಳದಲ್ಲಿ ಹೊಳೆಯಲ್ಲಿ ಹುಡುಗರಿಗೆ ಈಜು ಕಲಿಸ್ತಿದ್ದೆ."

ಮುಗೀತು. ಆಮೇಲೆ ಯಾವ ಮದುವೆಗೆ ಹೋದರೂ ಅದೇ ಚೇಷ್ಟೆ. "ದೇಶವೆಲ್ಲ ಯುದ್ಧ ಮಾಡುವಾಗ ಈಜು ಕಲಿಸಿ ಬಂದವ." ಅವನೂ ಎಲ್ಲರ ಜೊತೆ ನಗುತ್ತಿದ್ದ.

ಅದು ಏನು ಅಂತ ನಮಗೆ ತಿಳಿದದ್ದು, ಆ ಕೆಲಸದಲ್ಲಿದ್ದ ಅಧಿಕಾರಿಗಳೇ ಎಷ್ಟೋ ವರ್ಷದ ಮೇಲೆ ಬಾಯಿ ಬಿಟ್ಟಾಗ. ಪ್ಲಾಸಿಯ ಹತ್ತಿರ ಭಾಗೀರಥಿ ದಡದಲ್ಲಿ ನಮ್ಮ ನೌಕಾಪಡೆ ಗುಟ್ಟಾಗಿ ಒಂದು ಶಿಬಿರ ನಡೆಸಿತ್ತು. ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದಿಂದ, ಬಂದ ಹುಡುಗರಿಗೆ ಅಲ್ಲಿ ಕಲಿಸಿದ್ದು ಬರೀ ಈಜಲ್ಲ. ಎದೆಗೆ ಲಿಂಪೆಟ್ ಮೈನ್ ಅನ್ನುವ ಬಾಂಬು ಕಟ್ಟಿಕೊಂಡು ರಾತ್ರಿ ಈಜಿ ಹೋಗಿ, ಹಡಗಿನ ಹೊಟ್ಟೆಗೆ ಅದನ್ನು ಅಂಟಿಸಿ ಬರುವುದು. 1971ರ ಆಗಸ್ಟ್ 15ರ ರಾತ್ರಿ ಚಿತ್ತಗಾಂಗ್, ಮೊಂಗ್ಲಾ, ಚಾಂದ್‌ಪುರ, ನಾರಾಯಣಗಂಜ್ ನಾಲ್ಕೂ ಕಡೆ ಹಡಗುಗಳು ಸಿಡಿದದ್ದು ಈ ಹುಡುಗರ ಕೈಯಿಂದ. ಹೊರಡಿ ಅನ್ನುವ ಸಂಕೇತ ಆಕಾಶವಾಣಿಯ ಕಲ್ಕತ್ತಾ ಕೇಂದ್ರದ ಹಾಡಿನಲ್ಲಿ ಬಂದಿತ್ತು.

ಇನ್ನೊಂದು ಮಾತು, ನಗಬೇಡಿ. ಆ ಮೈನಿನಲ್ಲಿ ನೀರಿಗೆ ಕರಗುವ ಬಿರಡೆ ಇರುತ್ತಿತ್ತು. ಈಜುವಾಗಲೇ ಕರಗಿದರೆ ಹುಡುಗನೇ ಹೋದ. ಅದಕ್ಕೆ ಮೇಲೆ ನಿರೋಧ್ ಹಾಕಿ ಒಯ್ಯುತ್ತಿದ್ದರು. ಚಿಕ್ಕಪ್ಪ "ಸರ್ಕಾರಿ ಲೆಕ್ಕದಲ್ಲಿ ಮೂಟೆಗಟ್ಟಲೆ ನಿರೋಧ್ ತರಿಸಿದ್ವಿ" ಅಂತ ಗೆಳೆಯರ ಹತ್ತಿರ ಹೇಳುತ್ತಿದ್ದನಂತೆ. ಅದನ್ನೂ ಪೋಲಿ ಜೋಕು ಅಂತ ಬಿಟ್ಟರು.

ಅವನ ಕಾಗದದಲ್ಲಿ ಕಮಾಂಡೋ ಅನ್ನುವ ಪದ ಎಲ್ಲೂ ಇಲ್ಲ. ಇರುವುದಾದರೂ ಹೇಗೆ? ನೌಕಾಪಡೆಯ ಕಮಾಂಡೋಗಳ ಮಾರ್ಕೋಸ್ ಪಡೆ ಹುಟ್ಟಿದ್ದೇ 1987ರಲ್ಲಿ. ಲುಂಗಿ ಉಟ್ಟ ಹುಡುಗರ ಜೊತೆ ಹೊಳೆ ದಡದಲ್ಲಿ ನಿಂತ ಒಂದು ಫೋಟೊ ಇತ್ತು. ಪಿಕ್ನಿಕ್ ಅಂದುಕೊಂಡು ನಾವೇ ಅದನ್ನು ಯಾವುದೋ ಆಲ್ಬಂಗೆ ತುರುಕಿದ್ದೆವು. ಹಿಂದೆ "ಪ್ಲಾಸಿ" ಅಂತ ಪೆನ್ಸಿಲಿನಲ್ಲಿ ಬರೆದಿತ್ತು. ತಿರುಗಿಸಿ ನೋಡುವ ಹೊತ್ತಿಗೆ ಅವನು ಇರಲಿಲ್ಲ.

ಸಾಯುವ ಮುಂಚಿನ ವರ್ಷಗಳಲ್ಲಿ ಸಂಜೆ ಟಾಗೋರ್ ಬೀಚಿಗೆ ಹೋಗಿ ಅಲ್ಲಿ ಮ್ಯೂಸಿಯಂ ಮಾಡಿಟ್ಟ ಚಾಪಲ್ ಯುದ್ಧನೌಕೆಯ ಎದುರು ಕೂರುತ್ತಿದ್ದ. ಅಲ್ಲೇ ಪಕ್ಕದಲ್ಲಿ ನಮ್ಮ ಚೆಂಡಿಯಾದ ರಾಮ ರಾಘೋಬಾ ರಾಣೆಯವರ ಪ್ರತಿಮೆ ಇದೆ, ಪರಮವೀರ ಚಕ್ರದವರದ್ದು. ನಾವು ಮಕ್ಕಳಿಗೆ ರಾಣೆಯವರ ಕತೆ ಹೇಳುತ್ತಿದ್ದೆವು, ಇವನ ಪಕ್ಕದಲ್ಲೇ ನಿಂತು.

ಹಾಗಾಗಿ ದೊಡ್ಡಮ್ಮನ ಹತ್ತಿರ ಸಾಹಸದ ಕತೆ ಕೇಳಬೇಡಿ. ದೊಡ್ಡಪ್ಪನನ್ನು ಮನೆಯವರು ಏನು ಹೇಳಿ ಚೇಷ್ಟೆ ಮಾಡುತ್ತಿದ್ದರು ಅಂತ ಕೇಳಿ.

ಹಳಿಯಾಳದಿಂದ, ನಿವೃತ್ತ ಹವಾಲ್ದಾರ್

ತಂಗಿ, ಕಂದುಗೆಂಪು ಟೊಪ್ಪಿ ಅಂದರೆ ಪ್ಯಾರಾಚೂಟ್ ಪಡೆ. ಅದನ್ನು ಹಾಕಿದವರೆಲ್ಲ ಕಮಾಂಡೋ ಅಲ್ಲ. ಊರಲ್ಲಿ ಎಲ್ಲವನ್ನೂ ಕಮಾಂಡೋ ಅಂತಾರೆ, ನಮಗೆ ಕೇಳಿದರೆ ಮೈ ಉರಿಯುತ್ತದೆ.

ಪದಕ ನೋಡು. ದುಂಡಗಿನದ್ದರ ಅಂಚಿನಲ್ಲಿ ನಂಬರು, ಹೆಸರು ಕೆತ್ತಿರುತ್ತದೆ. ನಕ್ಷತ್ರದ ಆಕಾರದ್ದು ಇದ್ದರೆ ಪೂರ್ವಿ ಸ್ಟಾರಾ, ಪಶ್ಚಿಮಿ ಸ್ಟಾರಾ ಓದು. ಪೂರ್ವಿ ಅಂದರೆ ಬಾಂಗ್ಲಾ ಕಡೆ, ಪಶ್ಚಿಮಿ ಅಂದರೆ ಪಾಕಿಸ್ತಾನದ ಕಡೆ. ಕಮಾಂಡೋ ಪಲ್ಟನ್‌ಗಳು ಹೆಸರು ಮಾಡಿದ ದಾಳಿಗಳು ಪಶ್ಚಿಮದಲ್ಲಿ. 9 ಪ್ಯಾರಾ ಕಮಾಂಡೋ ಪೂಂಛ್ ಹತ್ತಿರ ಮಂಧೋಲ್‌ನಲ್ಲಿ ಫಿರಂಗಿ ಸಿಡಿಸಿತು. 10 ಪ್ಯಾರಾ ಕಮಾಂಡೋ ಮರಳುಗಾಡಿನಲ್ಲಿ ಜೀಪು ಓಡಿಸಿ ಚಾಚ್ರೋ ಹೊಡೆಯಿತು. ಪೂರ್ವದಲ್ಲಿ ಡಿಸೆಂಬರ್ 11ರಂದು ಟಾಂಗೈಲ್‌ನಲ್ಲಿ ವಿಮಾನದಿಂದ ಹಾರಿದ್ದು 2 ಪ್ಯಾರಾ. ಅದು ಮೊದಲು ಮರಾಠಾ ರೆಜಿಮೆಂಟಿನ 3ನೇ ಪಲ್ಟನ್ ಆಗಿತ್ತು, ನಮ್ಮ ಕಡೆಯವರಿಗೆ ಹತ್ತಿರದ್ದು. ಪೂಂಗ್ಲಿ ಸೇತುವೆ ಹಿಡಿದು, ಢಾಕಾ ಕಡೆ ಓಡುತ್ತಿದ್ದ ಶತ್ರುವಿನ ದಾರಿ ಕಟ್ಟಿದರು. ಅದೇನು ಸಣ್ಣ ಕೆಲಸವೇ?

ಡಿಸ್ಚಾರ್ಜ್ ಬುಕ್, ಪಿಂಚಣಿ ಮಂಜೂರಾದ ಪಿಪಿಓ ಕಾಗದ ಹುಡುಕಿ ಇಟ್ಟುಕೋ. ಪ್ಯಾರಾದವರ ರೆಕಾರ್ಡ್ಸ್ ಆಫೀಸು ಬೆಂಗಳೂರಿನಲ್ಲಿದೆ, ಮರಾಠಾದ್ದು ಬೆಳಗಾವಿಯಲ್ಲಿ. ಅರ್ಜಿ ದೊಡ್ಡಮ್ಮನ ಸಹಿಯಲ್ಲೇ ಹೋಗಲಿ.

ಕುಮಟಾದಿಂದ

ಒಂದೇ ಮಾತು. ಪದಕವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನಾನು ಅಪ್ಪನ ಪದಕ ಫಳಫಳ ಅನ್ನಿಸಿ ಅಂಚಿನ ಅಕ್ಷರ ಅರ್ಧ ಅಳಿಸಿದೆ. ಮತ್ತೆ ಮೊಬೈಲನ್ನು ಮುಖಕ್ಕೆ ಹಿಡಿದರೆ ಅಜ್ಜಿಯರ ಬಾಯಿ ಕಟ್ಟುತ್ತದೆ. ನಮ್ಮಮ್ಮ ಎಲ್ಲ ಹೇಳಿದ್ದು ಹಪ್ಪಳ ಒಣಗಿಸುವಾಗ. ಆ ಡಿಸೆಂಬರಿನಲ್ಲಿ ತಂತಿ ತರುವ ಪೋಸ್ಟ್‌ಮ್ಯಾನ್ ನಮ್ಮ ಕೇರಿಗೆ ತಿರುಗಿದರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ.

ಶಿರಸಿಯಿಂದ, ಕೇಳಿದವರು

ಎರಡು ವಾರ ಆಯ್ತು. ಟ್ರಂಕ್ ಇಳಿಸಿದೆವು. ಕಾಗದಕ್ಕೆಲ್ಲ ಬೂಷ್ಟು. ನಕ್ಷತ್ರದ ಪದಕ ಪೂರ್ವಿ ಸ್ಟಾರ್, ಡಿಸ್ಚಾರ್ಜ್ ಬುಕ್ಕಿನಲ್ಲಿ 2 ಪ್ಯಾರಾ ಅಂತಿದೆ. ಕಮಾಂಡೋ ಅಲ್ಲ. ಅಪ್ಪನಿಗೆ ಬೇಜಾರಾಯ್ತು. ದೊಡ್ಡಮ್ಮ ಮಾತ್ರ "ಅವ್ರು ಯಾವತ್ತು ಹಂಗಂದಿದ್ರು? ಪೇಟೇಲಿ ಹೇಳ್ಕಂಡು ತಿರುಗಿದ್ದು ನಿನ್ನಪ್ಪ" ಅಂದರು.

ಕಾರವಾರದವರು ಹೇಳಿದ ಹಾಗೆ ಚೇಷ್ಟೆ ಯಾವುದು ಅಂತ ಕೇಳಿದೆ. ಕೂಡಲೇ ನಕ್ಕರು. "ಯುದ್ಧದಲ್ಲಿ ನಾನು ಕೆರೆಗೆ ಬಿದ್ದೆ, ಊರವರು ಎಳೆದು ತೆಗೆದರು" ಅಂತ ದೊಡ್ಡಪ್ಪ ಅನ್ನುತ್ತಿದ್ದರಂತೆ. ಮಿಲಿಟರಿ ರಮ್ ಜಾಸ್ತಿಯಾಗಿತ್ತು ಅಂತ ಮನೆಯವರೆಲ್ಲ ತೀರ್ಮಾನ ಮಾಡಿದ್ದರು. ತೋಟದ ಕೆರೆ ಹತ್ತಿರ ಹೋದಾಗಲೆಲ್ಲ "ಹುಷಾರು, ಎಳೆಯಲು ಬಂಗಾಲಿಗಳು ಇಲ್ಲ" ಅಂತ ರೇಗಿಸುತ್ತಿದ್ದರು.

ಹಳಿಯಾಳದಿಂದ, ನಿವೃತ್ತ ಹವಾಲ್ದಾರ್

ತಂಗಿ, ಟಾಂಗೈಲ್‌ನಲ್ಲಿ ಹಾರಿದವರು ಗಾಳಿಗೆ ಚದುರಿದ್ದರು. ಕೆಲವರು ಇಳಿದದ್ದೇ ಕೆರೆಗಳಲ್ಲಿ. ಊರ ಜನ ಓಡಿ ಬಂದು ಅವರನ್ನೂ ಸಾಮಾನನ್ನೂ ಎತ್ತಿ ಕೊಟ್ಟರು. ಇದನ್ನು ದೊಡ್ಡಮ್ಮನಿಗೆ ಓದಿ ಹೇಳು.

ಶಿರಸಿಯಿಂದ, ಕೇಳಿದವರು

ಓದಿ ಹೇಳಿದೆ. ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ಕೈಯಲ್ಲಿದ್ದ ಅಡಿಕೆ ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ "ಹಾಗಾದ್ರೆ ಕುಡಿದಿರ್ಲಿಲ್ಲ" ಅಂದರು.