ಗಾಯ ಮಾಸಿದೆ, ಕುದುರೆ ಕಾಲು ಮುಟ್ಟಲು ಬಿಡುತ್ತಿಲ್ಲ: ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ಡಾಕ್ಟ್ರೇ, ಕಾಠಿಯಾವಾಡಿ ಹೆಣ್ಣು ಕುದುರೆ, 7 ವರ್ಷ, ಅಂದಾಜು 300 ಕೆಜಿ. ಜೂನ್ ಕೊನೆಗೆ ಮುಳ್ಳುತಂತಿ ಬೇಲಿಗೆ ಸಿಕ್ಕಿ ಎಡ ಹಿಂಗಾಲಿನ ಕಣಕಾಲು ಮುಂಭಾಗದಲ್ಲಿ ಗೇಣುದ್ದ ಸೀಳಿತ್ತು. ನಾಲ್ಕು ತಿಂಗಳು ಲಾಯದಲ್ಲೇ ಇತ್ತು, ದಿನಾ ಡ್ರೆಸಿಂಗ್, ನೋವಿನ ಪುಡಿ. ಈಗ ಚರ್ಮ ಕೂಡಿದೆ, ಕುಂಟುವುದು ಕಾಣುವುದಿಲ್ಲ. ಆದರೆ ಆ ಕಾಲಿನ ಹತ್ತಿರ ಕೈ ಹೋದರೆ ಒದೆಯುತ್ತದೆ, ಗೊರಸು ಎತ್ತಲು ಬಿಡುವುದಿಲ್ಲ. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ಮೊದಲು ಮಕ್ಕಳು ಹತ್ತಿದರೂ ಸುಮ್ಮನಿರುತ್ತಿತ್ತು. ಮೇವು ನೇಪಿಯರ್, ಭತ್ತದ ಹುಲ್ಲು, ತೌಡು, ದಿನಕ್ಕೆ 2 ಕೆಜಿ ಹುರುಳಿ. ಮತ್ತೆ ಪಳಗಿಸುವುದು ಎಲ್ಲಿಂದ ಶುರು ಮಾಡಲಿ?

ಉತ್ತರ (ಕುದುರೆ ವೈದ್ಯರು):
ಪಳಗಿಸುವ ಮಾತು ಆಮೇಲೆ. ಚರ್ಮ ಕೂಡಿತು ಅಂದ ಮಾತ್ರಕ್ಕೆ ನೋವು ಹೋಯಿತು ಅಂತಲ್ಲ. ಕಣಕಾಲಿನ ಮುಂಭಾಗದಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಮಾಂಸವೇ ಇಲ್ಲ. ತಂತಿ ಸೀಳಿದಾಗ ಮೂಳೆಯ ಮೇಲ್ಪೊರೆ ಕಿತ್ತುಹೋಗಿ, ಒಂದು ಚೂರು ಮೂಳೆ ಸತ್ತು ಒಳಗೇ ಉಳಿಯುವುದುಂಟು. ಕಲೆಯ ಒಂದೇ ಜಾಗದಲ್ಲಿ ಆಗಾಗ ಕೀವು ಜಿನುಗಿದರೆ ಮೊದಲ ಅನುಮಾನ ಅದರ ಮೇಲೆ. ಎಕ್ಸ್‌ರೇ ತೆಗೆಸದೆ ಮುಂದೆ ಹೋಗಬೇಡಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿ, ಕುದುರೆಯ ಕಾಲಿಗೆ ಎಕ್ಸ್‌ರೇ, ಸ್ಕ್ಯಾನ್ ಯಾವ ದಿನ ಆಗುತ್ತದೆ ಎಂದು ಕೇಳಿಕೊಂಡೇ ಗಾಡಿ ಹತ್ತಿಸಿ.

ಅಷ್ಟರಲ್ಲಿ ಮನೆಯಲ್ಲಿ ನೋಡಬಹುದಾದ್ದು: ಗಟ್ಟಿ, ಸಮತಟ್ಟು ರಸ್ತೆಯಲ್ಲಿ 30 ಮೀಟರ್ ಕುಕ್ಕುಲೋಟ ಓಡಿಸಿ ಹಿಂದೆ ನಿಂತು ನೋಡಿ. ಪೃಷ್ಠದ ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಏರಿಳಿದರೆ ಕುಂಟು ಇದೆ. ಬರೀ ನಡಿಗೆಯಲ್ಲಿ ಇದು ಕಾಣದೇ ಹೋಗಬಹುದು. ಇನ್ನೂ ಅನುಮಾನ ಇದ್ದರೆ ನಿಮ್ಮ ವೈದ್ಯರು ಕೆಲವು ದಿನ ನೋವಿನ ಔಷಧಿ ಕೊಟ್ಟು ನೋಡುತ್ತಾರೆ. ಆಗ ಒದೆಯುವುದು ತಗ್ಗಿದರೆ ಅದು ನೋವಿನ ಒದೆತ. ತಗ್ಗದಿದ್ದರೆ ನೋವಿಲ್ಲ ಎಂದು ಮಾತ್ರ ತೀರ್ಮಾನಿಸಬೇಡಿ. ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಎಂಬುದನ್ನೂ ಖಚಿತ ಮಾಡಿಕೊಳ್ಳಿ.

ಹೊಟ್ಟೆಪಟ್ಟಿಗೆ ಕಚ್ಚುವುದು ಬೇರೆಯೇ ವಿಷಯ ಇರಬಹುದು. ಕುದುರೆಯ ಹೊಟ್ಟೆಯಲ್ಲಿ ತಿನ್ನದಿದ್ದಾಗಲೂ ಆಮ್ಲ ಸುರಿಯುತ್ತಲೇ ಇರುತ್ತದೆ. ಲಾಯದಲ್ಲಿ ಕಟ್ಟಿ, ಮೇವಿಗೂ ಮೇವಿಗೂ ಐದಾರು ಗಂಟೆ ಬಿಟ್ಟು, ಜೊತೆಗೆ ತಿಂಗಳುಗಟ್ಟಲೆ ಫಿನೈಲ್‌ಬುಟಾಜೋನ್‌ನಂಥ ನೋವಿನ ಪುಡಿ ಕೊಟ್ಟರೆ ಹೊಟ್ಟೆಹುಣ್ಣು ಆಗುವುದು ಅಪರೂಪವಲ್ಲ. ಎರಡನೆಯದು ಜೀನು. ನಾಲ್ಕು ತಿಂಗಳಲ್ಲಿ ಬೆನ್ನಿನ ಸ್ನಾಯು ಕರಗಿರುತ್ತದೆ, ಜೂನ್‌ನಲ್ಲಿ ಸರಿ ಕೂರುತ್ತಿದ್ದ ಜೀನು ಈಗ ಕುತ್ತಿಗೆ ಬುಡದ ಉಬ್ಬು ಮೂಳೆಗೆ ತಾಗುತ್ತದೆ. ಮೇಲೆ ಜನ ಕೂತಾಗಲೂ ಅಲ್ಲಿ ಎರಡು ಮೂರು ಬೆರಳು ಸಂದು ಉಳಿಯಬೇಕು. ಮಳೆಗಾಲ ಕಳೆದ ಜೀನಿನ ಅಡಿಮೆತ್ತೆ ಬೂಷ್ಟು ಹಿಡಿದು ಗಂಟುಗಟ್ಟಿದ್ದರೆ ಬಿಸಿಲಿಗೆ ಹಾಕಿದರೆ ಸಾಲದು, ಬದಲಾಯಿಸಿ.

ಮೇವಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕೆಲಸವಿಲ್ಲದೆ ನಿಂತ ಕುದುರೆಗೆ 2 ಕೆಜಿ ಹುರುಳಿ ಬೇಡ. ಏಳೆಂಟು ದಿನದಲ್ಲಿ ಅರ್ಧ ಕೆಜಿಗೆ ಇಳಿಸಿ. ಅರ್ಧ ತುಂಟಾಟ ಅಲ್ಲೇ ಇಳಿಯುತ್ತದೆ. ಒಣ ಲೆಕ್ಕದಲ್ಲಿ ದಿನಕ್ಕೆ 5ರಿಂದ 6 ಕೆಜಿ ಹುಲ್ಲು ಬೇಕು, ನಾಲ್ಕೈದು ಸಲಕ್ಕೆ ಹಂಚಿ ಹಾಕಿ. ಹಸಿ ನೇಪಿಯರ್‌ನಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ, ಹಾಗಾಗಿ 5 ಕೆಜಿ ಒಣಮೇವು ಅಂದರೆ 25 ಕೆಜಿ ಹಸಿಹುಲ್ಲು. ಆದರೆ ಬರೀ ನೇಪಿಯರ್ ಮತ್ತು ತೌಡು ಕುದುರೆಗೆ ಕೆಟ್ಟ ಜೋಡಿ. ನೇಪಿಯರ್‌ನಲ್ಲಿರುವ ಆಕ್ಸಲೇಟ್ ಎಂಬ ಅಂಶ ಸುಣ್ಣದಂಶವನ್ನು (ಕ್ಯಾಲ್ಸಿಯಂ) ಕಟ್ಟಿಹಾಕುತ್ತದೆ, ತೌಡಿನಲ್ಲಿ ರಂಜಕ (ಫಾಸ್ಫರಸ್) ವಿಪರೀತ. ತಿಂಗಳುಗಟ್ಟಲೆ ಹೀಗೇ ನಡೆದರೆ ಮೂಳೆ ಸಡಿಲವಾಗಿ ಕಾಲು ಬದಲಿಸಿ ಬದಲಿಸಿ ಕುಂಟುತ್ತದೆ. ದನಕ್ಕೆ ಇದರಿಂದ ಅಷ್ಟು ತೊಂದರೆ ಇಲ್ಲ, ಅದಕ್ಕೇ ನಮ್ಮಲ್ಲಿ ಗಮನಕ್ಕೆ ಬರುವುದಿಲ್ಲ. ಬಯಲು ಹುಲ್ಲು ಬೆರೆಸಿ, ತೌಡು ನಿಲ್ಲಿಸಿ, ಎಷ್ಟು ಕ್ಯಾಲ್ಸಿಯಂ ಎಂದು ವೈದ್ಯರಿಂದ ಬರೆಸಿಕೊಳ್ಳಿ. ದನದ, ಕೋಳಿಯ ರೆಡಿ ಫೀಡ್ ಹತ್ತಿರವೂ ಬಿಡಬೇಡಿ. ಕೆಲವದರಲ್ಲಿ ಮೊನೆನ್ಸಿನ್ ಎಂಬ ಔಷಧಿ ಇರುತ್ತದೆ, ಅದು ಸ್ವಲ್ಪ ಸೇರಿದರೂ ಕುದುರೆಯ ಹೃದಯ ನಿಲ್ಲಬಹುದು.

ಮರುಪ್ರಶ್ನೆ (ಅವರೇ):
ಎಕ್ಸ್‌ರೇ ಆಯ್ತು, ಮೂಳೆ ಸರಿ ಇದೆ, ಕುಂಟೂ ಇಲ್ಲ ಅಂದ್ರು. ಜೀನಿಗೆ ಹೊಸ ಮೆತ್ತೆ ಹಾಕಿಸಿದೆ. ಕಾಲು ಮುಟ್ಟಲು ಮಾತ್ರ ಈಗಲೂ ಬಿಡುತ್ತಿಲ್ಲ.

ಉತ್ತರ (ಕುದುರೆ ತರಬೇತಿದಾರರು):
ಹಾಗಾದರೆ ಉಳಿದದ್ದು ಕಲಿತ ಒದೆತ. ನಾಲ್ಕು ತಿಂಗಳು ದಿನಾ ಕೈ ಬಂತು, ನೋವಾಯಿತು, ಒದ್ದಿತು, ಕೈ ಹಿಂದೆ ಹೋಯಿತು. ಒದ್ದರೆ ಕೈ ಹೋಗುತ್ತದೆ ಎಂಬ ಪಾಠ ಗಟ್ಟಿಯಾಗಿದೆ. ಈಗ ಅದನ್ನೇ ತಿರುಗಿಸಬೇಕು: ಸುಮ್ಮನಿದ್ದರೆ ಕೈ ಹೋಗುತ್ತದೆ.

ಐದಡಿ ಬಿದಿರುಕೋಲಿನ ತುದಿಗೆ ಬಟ್ಟೆ ತುರುಕಿದ ಹಳೆ ಕೈಚೀಲ ಕಟ್ಟಿ. ಅದು ನಿಮ್ಮ ಕೈ. ಕುದುರೆಯನ್ನು ಕಂಬಕ್ಕೆ ಕಟ್ಟಬೇಡಿ, ಒಬ್ಬರು ಹಗ್ಗ ಹಿಡಿಯಲಿ. ಹಗ್ಗ ಹಿಡಿದವರು, ಕೋಲು ಹಿಡಿದವರು ಇಬ್ಬರೂ ಒಂದೇ ಬದಿಯಲ್ಲಿ ನಿಲ್ಲಬೇಕು; ಕುದುರೆ ಕೆರಳಿದಾಗ ತಲೆಯನ್ನು ತಮ್ಮ ಕಡೆ ಎಳೆದರೆ ಹಿಂಭಾಗ ಆಚೆ ಹೋಗುತ್ತದೆ. ಹಗ್ಗದವರು ಎದುರು ಬದಿಯಲ್ಲಿ ನಿಂತು ಎಳೆದರೆ ಒದೆತ ನೇರ ಕೋಲು ಹಿಡಿದವರ ಮೇಲೆ. ತಲೆಗೆ ಹೆಲ್ಮೆಟ್ ಇರಲಿ. ನೆಲ ಒಣಗಿರಬೇಕು. ಈಗ ಅಂಗಳದ ತುಂಬ ಅಡಿಕೆ ಹರಡಿರುತ್ತದೆ, ಕೊಯ್ಲು ಮುಗಿದ ಗದ್ದೆ ಒಳ್ಳೆಯದು. ಪಾಚಿ ಕಟ್ಟಿದ ಸಿಮೆಂಟಿನ ಮೇಲಂತೂ ಬೇಡ.

ಭುಜದಿಂದ ಶುರು ಮಾಡಿ. ಬೆನ್ನು, ಪೃಷ್ಠ, ತೊಡೆ, ಆಮೇಲೆ ಹಿಂಗಾಲು ಮಡಚುವ ಗಂಟು. ಕಲೆಯ ಜಾಗ ಎಲ್ಲಕ್ಕಿಂತ ಕೊನೆಗೆ. ಗಟ್ಟಿ ಇರುವ ಬಲಗಾಲಿನಲ್ಲಿ ಮೊದಲು ಪೂರ್ತಿ ಮಾಡಿ, ಆಮೇಲೆ ಎಡಗಾಲು. ಒದ್ದರೆ ಕೋಲನ್ನು ಅಲ್ಲೇ ಹಗುರವಾಗಿ ಇಟ್ಟಿರಿ, ಒತ್ತಬೇಡಿ, ಬೆನ್ನಟ್ಟಬೇಡಿ. ಕಾಲು ನೆಲಕ್ಕೆ ಬಂದು ಒಂದು ಕ್ಷಣ ನಿಂತ ಕೂಡಲೇ ತೆಗೆಯಿರಿ. ಇಡೀ ಕೆಲಸ ಈ ಒಂದು ಕ್ಷಣದಲ್ಲಿದೆ, ಹೆಚ್ಚಿನವರು ಸೋಲುವುದೂ ಇಲ್ಲೇ. ಕೋಲು ಇಟ್ಟುಕೊಳ್ಳಲು ಆಗದಷ್ಟು ಒದ್ದರೆ ನೀವು ಬೇಗ ಕೆಳಗೆ ಇಳಿದಿದ್ದೀರಿ. ಒಂದು ಗೇಣು ಮೇಲೆ ಹೋಗಿ. ಒಂದೇ ಜಾಗದಲ್ಲಿ ಸತತ ಮೂರು ಸಲ ಸುಮ್ಮನಿದ್ದ ಮೇಲೆ ಮುಂದಿನ ಗೇಣು. ಹೊತ್ತಿಗೆ 10 ನಿಮಿಷ, ದಿನಕ್ಕೆ ಎರಡು ಹೊತ್ತು, ಅಷ್ಟೇ.

ತಲೆ ತಗ್ಗಿಸಿ, ಬಾಯಾಡಿಸಿ, ಉಸಿರು ಬಿಟ್ಟರೆ ಸರಿ ದಾರಿ. ಗೊರಸಿನ ತುದಿ ಊರಿ ಕಾಲು ಸಡಿಲ ಬಿಟ್ಟಿದ್ದರೆ ವಿಶ್ರಾಂತಿ. ಅದೇ ಭಂಗಿಯಲ್ಲಿ ಬಾಲ ಬಿಗಿದು ಕಿವಿ ಹಿಂದಕ್ಕೆ ಮಲಗಿದ್ದರೆ ಒದೆಯುವ ತಯಾರಿ. ಮೆಚ್ಚುಗೆಗೆ ಕುತ್ತಿಗೆ ಬುಡದಲ್ಲಿ ಕೆರೆಯಿರಿ, ಕುದುರೆಗಳು ತಮ್ಮತಮ್ಮಲ್ಲಿ ಕೆರೆದುಕೊಳ್ಳುವ ಜಾಗ ಅದು. ಕಚ್ಚುವ ಚಟ ಇರುವಾಗ ಕೈಯಿಂದ ಬೆಲ್ಲ ಬೇಡ.

ಕೋಲಿಗೆ ಒಗ್ಗಿದ ಮೇಲೆ ಬರಿಗೈ. ಗೊರಸನ್ನು ಮೊದಲ ವಾರ ನೆಲದಿಂದ ನಾಲ್ಕು ಬೆರಳಷ್ಟೇ ಎತ್ತಿ, 2 ಸೆಕೆಂಡ್ ಹಿಡಿದು, ಅದು ಕಿತ್ತುಕೊಳ್ಳುವ ಮೊದಲೇ ನೀವೇ ಇಳಿಸಿ. ಕಲೆಯ ಚರ್ಮ ಬಿಗಿದಿರುತ್ತದೆ, ಮೇಲಕ್ಕೆ ಮಡಚಿದರೆ ಎಳೆಯುತ್ತದೆ.

ಇನ್ನೊಬ್ಬ ಸದಸ್ಯರು (ಸಾಗರ):
ಸರ್, ಒದ್ದ ಕೂಡಲೇ ಒಂದು ಬಿಗಿದರೆ ಬುದ್ಧಿ ಬರುತ್ತೆ ಅಂತಾರೆ. ಇಲ್ಲಾಂದ್ರೆ ಮಂಪರು ಇಂಜೆಕ್ಷನ್ ಕೊಡಿಸಿ ಅಭ್ಯಾಸ ಮಾಡಿಸಬಹುದಾ?

ಉತ್ತರ (ತರಬೇತಿದಾರರು):
ಹೊಡೆಯಬೇಡಿ ಮಾರಾಯ್ರೇ. ಕೈ ಬಂದರೆ ನೋವು ಎಂದು ಅದು ನಂಬಿರುವುದನ್ನು ನೀವೇ ಖಾತ್ರಿ ಮಾಡಿದ ಹಾಗೆ. ಮಂಪರಿನಲ್ಲಿ ಗಾಯ ತೊಳೆಯಬಹುದು, ಗೊರಸು ಕತ್ತರಿಸಬಹುದು, ಪಾಠ ತಲೆಗೆ ಹತ್ತುವುದಿಲ್ಲ. ಮಂಪರಿನಲ್ಲಿದ್ದ ಕುದುರೆ ಮುನ್ಸೂಚನೆ ಇಲ್ಲದೆ ಒದೆಯುವುದೂ ಉಂಟು.

ಮರುಪ್ರಶ್ನೆ (ತೀರ್ಥಹಳ್ಳಿ):
ಸವಾರಿ ಯಾವಾಗ? ಲಾಳ?

ಉತ್ತರ (ಕುದುರೆ ವೈದ್ಯರು):
ಮೊದಲ ವಾರ ಹಗ್ಗ ಹಿಡಿದು ನೇರ ರಸ್ತೆಯಲ್ಲಿ 10 ನಿಮಿಷ, ಎರಡು ಹೊತ್ತು. ವಾರಕ್ಕೆ 5 ನಿಮಿಷ ಏರಿಸಿ. 30 ನಿಮಿಷಕ್ಕೆ ಮುಟ್ಟಿದ ಮೇಲೆ ಜೀನು ಹಾಕಿ ನಡಿಗೆ ಸವಾರಿ 10 ನಿಮಿಷ. ಹೊಟ್ಟೆಪಟ್ಟಿ ಒಂದೇ ಏಟಿಗೆ ಬಿಗಿಯದೆ ಒಂದು ತೂತು, ನಾಲ್ಕು ಹೆಜ್ಜೆ ನಡಿಗೆ, ಇನ್ನೊಂದು ತೂತು. ಉದ್ದ ಹಗ್ಗದಲ್ಲಿ ಸಣ್ಣ ಸುತ್ತು ಓಡಿಸುವುದು ಸದ್ಯಕ್ಕೆ ಬೇಡ. ಮಾರನೇ ಬೆಳಿಗ್ಗೆ ಎರಡೂ ಕಾಲಿಗೆ ಅಂಗೈ ಹಿಂಭಾಗ ಇಟ್ಟು ನೋಡಿ; ಎಡಗಾಲು ಬಿಸಿ ಅನ್ನಿಸಿದರೆ ಒಂದು ವಾರ ಹಿಂದಿನ ಹಂತಕ್ಕೆ ಹೋಗಿ. ಡಿಸೆಂಬರ್‌ನಿಂದಲೇ ಕಾಡಂಚಿನ ದಾರಿ ಬಿಟ್ಟು ಊರ ರಸ್ತೆ ಹಿಡಿಯಿರಿ, ಉಣುಗಿನ ಕಾಲ, ಹಗ್ಗ ಹಿಡಿದು ನಡೆಯುವ ನಿಮಗೇ ಮಂಗನ ಕಾಯಿಲೆಯ ಅಪಾಯ.

ಲಾಳಕ್ಕೆ ಅವಸರವಿಲ್ಲ, 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಿದರೆ ಸಾಕು. ಎತ್ತಿಗೆ ಲಾಳ ಕಟ್ಟುವವರನ್ನು ಕರೆಸಿ ಕೆಡವಿಸಬೇಡಿ. ಎತ್ತನ್ನು ಹಗ್ಗ ಹಾಕಿ ಮಲಗಿಸಿಯೇ ಕಟ್ಟುತ್ತಾರೆ, ಕುದುರೆಯನ್ನು ನಿಲ್ಲಿಸಿಯೇ ಮಾಡಬೇಕು. ಬರುವವರಿಗೆ ಎಡಗಾಲು ಕೆಳಮಟ್ಟದಲ್ಲೇ ಹಿಡಿಯಬೇಕು, ನಡುನಡುವೆ ಇಳಿಸಬೇಕು ಎಂದು ಮೊದಲೇ ಹೇಳಿ, ಬಲಗಾಲಿನಿಂದ ಶುರು ಮಾಡಿಸಿ.