ಮೂಳೆ ತಿನ್ನೋ ಮಹಾಶಯರು

"ನಮ್ಮ ಮೈಯೊಳಗೇ ನಮ್ಮ ಮೂಳೆ ತಿನ್ನೋ ಜೀವಕೋಶಗಳಿವೆ ಕಣೋ, ಆಸ್ಟಿಯೋಕ್ಲಾಸ್ಟ್ ಅಂತ," ಅಂದಳು ಸುಮ.

ಸೀನ ಮೊಣಕಾಲು ಮುಟ್ಟಿ ನೋಡಿಕೊಂಡ. "ಯಾಕೆ, ನಾನೇನು ಮಾಡಿದ್ದೆ?"

"ಹಳೇ ಮೂಳೆ ಹೋಗದೆ ಹೊಸದು ಎಲ್ಲಿ ಕೂರಬೇಕು? ದೊಡ್ಡವರಲ್ಲಿ ವರ್ಷಕ್ಕೆ ಸುಮಾರು 10% ಮೂಳೆ ಹೊಸದಾಗುತ್ತೆ."

"ಹಾಗಾದ್ರೆ ನನ್ನ ಹಳೇ ಸಾಲಕ್ಕೆ ನಾನು ಹೊಣೆಯಲ್ಲ. ಸಹಿ ಹಾಕಿದ ಕೈಯೇ ಬೇರೆ!"

"ಮೂಳೆ ಬದಲಾದ್ರೂ ಜೀನ್ ಅದೇ. ಕಟ್ಟು," ಅಂದ ಮೂರ್ತಿ.

ಸೀನ ಸೋಲೋ ಆಸಾಮಿ ಅಲ್ಲ. "ಬಹುತೇಕ ಎಲ್ಲಾ ಕೋಶದಲ್ಲೂ ಅದೇ ಜೀನ್ ಇದ್ರೆ, ಮಿದುಳಿನ ಕೋಶ ಯಾಕೆ ಮೂಳೆ ತಿನ್ನಲ್ಲ?"

ಪ್ರಶ್ನೆ ಚೆನ್ನಾಗಿತ್ತು. ಅವನಿಗೆ ಹಾಗಂತ ಹೇಳೋಕೆ ಯಾರಿಗೂ ಮನಸ್ಸು ಬರಲಿಲ್ಲ.

"ಜೀನ್ ಇರೋದು ಬೇರೆ, ಚಾಲೂ ಆಗೋದು ಬೇರೆ," ಅಂದಳು ಸುಮ. "ಈ ಮೂಳೆ ತಿನ್ನೋ ಕೋಶಗಳು ಹುಟ್ಟೋದು ಮೊನೋಸೈಟ್ ಅನ್ನೋ ಬಿಳಿ ರಕ್ತಕಣದ ವಂಶದಲ್ಲಿ. ಅದೇ ವಂಶದ ಕೆಲವರು ಮ್ಯಾಕ್ರೋಫೇಜ್ ಆಗಿ ರೋಗಾಣು ನುಂಗ್ತಾರೆ. ಇವಕ್ಕೆ ರಾಂಕ್-ಎಲ್ ಅನ್ನೋ ಪ್ರೋಟೀನು ಬಂದು ಅಂಟಿದ್ರೆ, ಒಳಗೆ ಎನ್‌ಎಫ್‌ಎಟಿಸಿ1 ಅನ್ನೋ, ಜೀನ್ ಚಾಲೂ ಮಾಡೋ ಪ್ರೋಟೀನು, ಯಜಮಾನನ ಹಾಗೆ ಎದ್ದು ಕೂರ್ತಾನೆ. ಮೊದಲು ತನ್ನ ಜೀನನ್ನೇ ಇನ್ನಷ್ಟು ಚಾಲೂ ಮಾಡ್ಕೋತಾನೆ."

"ತನ್ನ ಬಡ್ತಿಗೆ ತಾನೇ ಸಹಿ!"

"ಆಮೇಲೆ ಮಿಕ್ಕವರಿಗೆ ಹುಕುಂ. ಡಿಸಿ-ಸ್ಟ್ಯಾಂಪ್ ಜೀನ್ ಚಾಲೂ ಆದ್ರೆ ಕೋಶಗಳು ಒಂದಕ್ಕೊಂದು ಬೆಸೆದುಕೊಂಡು, ಹಲವು ನ್ಯೂಕ್ಲಿಯಸ್ ಇರೋ ದೈತ್ಯ ಆಗುತ್ತೆ. ಅದು ಮೂಳೆಗೆ ಅಂಟಿ ಕೂತು ಆಮ್ಲ ಸುರಿದು ಖನಿಜ ಕರಗಿಸುತ್ತೆ. ಉಳಿದ ಕೊಲಾಜೆನ್ ಅನ್ನೋ ಪ್ರೋಟೀನ್ ನಾರು ಕತ್ತರಿಸೋಕೆ ಕೆಥೆಪ್ಸಿನ್-ಕೆ ಅನ್ನೋ ಕಿಣ್ವ."

"ಈ ರಾಂಕ್-ಎಲ್ ಕಳಿಸೋ ಪುಣ್ಯಾತ್ಮ ಯಾರು?"

"ಮೂಳೆ ಕಟ್ಟೋ ವಂಶದವರೇ. ಅದರಲ್ಲೂ ಮೂಳೆಯೊಳಗೆ ಹೂತು ಕೂತಿರೋ ಆಸ್ಟಿಯೋಸೈಟ್‌ಗಳು."

"ಕಟ್ಟೋ ಮೇಸ್ತ್ರಿನೇ ಕೆಡವೋರನ್ನ ಕರೀತಾನಾ! ಕೆಲಸ ಮುಗಿಯೋ ಮಾತೇ ಇಲ್ಲ ಬಿಡು."

"ಅವರೇ ಆಸ್ಟಿಯೋಪ್ರೊಟೆಗೆರಿನ್ ಅಂತ ಇನ್ನೊಂದನ್ನೂ ಬಿಡ್ತಾರೆ. ಅದು ರಾಂಕ್-ಎಲ್‌ನ ದಾರೀಲೇ ಹಿಡಿದುಹಾಕುತ್ತೆ. ಮುಟ್ಟು ನಿಂತು ಈಸ್ಟ್ರೊಜೆನ್ ಇಳಿದಾಗ ರಾಂಕ್-ಎಲ್ ಕೈ ಮೇಲಾಗಿ ಮೂಳೆ ಸವೆಯುತ್ತೆ. ಮೂಳೆ ಸವೆತಕ್ಕೆ ಕೊಡೋ ಡೆನೋಸುಮ್ಯಾಬ್ ಇಂಜೆಕ್ಷನ್ ಮಾಡೋದೂ ಈ ಹಿಡಿಯೋ ಕೆಲಸಾನೇ."

"ಹುಟ್ಟಿನಿಂದಲೇ ಆ ಮೂಳೆ ತಿನ್ನೋರ ಬಾಯಿಗೆ ಬೀಗ ಹಾಕಿಬಿಟ್ರೆ?"

"ಹಾಗಾದವರಿದ್ದಾರೆ. ಜೀನ್ ಕೆಟ್ಟು ಆಸ್ಟಿಯೋಪೆಟ್ರೋಸಿಸ್ ಅನ್ನೋ ಕಾಯಿಲೆ ಬರುತ್ತೆ. ಮೂಳೆ ದಟ್ಟವಾಗುತ್ತೆ, ಆದ್ರೂ ಬೇಗ ಮುರಿಯುತ್ತೆ, ಮಜ್ಜೆಗೆ ಜಾಗವೇ ಇರಲ್ಲ."

ಸೀನ ಸ್ವಲ್ಪ ಹೊತ್ತು ಸುಮ್ಮನಿದ್ದ. ನಮಗದು ಹೊಸ ಅನುಭವ.

ಮೂರ್ತಿ ಸೇರಿಸಿದ: "2021ರಲ್ಲಿ ಇಲಿಗಳಲ್ಲಿ ಕಂಡಿದ್ದು ಇನ್ನೂ ಮಜಾ. ಈ ದೈತ್ಯ ಸಾಯದೆ ಚಿಕ್ಕ ಚಿಕ್ಕ ಕೋಶಗಳಾಗಿ ಒಡೆದು, ಆಮೇಲೆ ಮತ್ತೆ ಕೂಡಿಕೊಳ್ಳುತ್ತಂತೆ. ಒಡೆದಾಗ ಚಾಲೂ ಇರೋ ಜೀನ್‌ಗಳ ಪಟ್ಟಿಯೇ ಬೇರೆ."

"ಮತ್ತೆ ಕೂಡುವಾಗ ಯಾರು ದೊಡ್ಡೋರು ಅಂತ ಜಗಳ ಬರಲ್ವಾ?"

"ಅವಕ್ಕೆ ನಿನ್ನಷ್ಟು ಮಾತು ಬರಲ್ಲ," ಅಂದಳು ಸುಮ.